ಹುಲ್ಲಿನ ಬೇರೇ ಗೋಡೆಯಾದ ಮನೆಗಳು

ಅಮೆರಿಕದ ನೆಬ್ರಾಸ್ಕ ರಾಜ್ಯದ ನಡುಭಾಗದಲ್ಲಿ ಕಸ್ಟರ್ ಕೌಂಟಿ ಇದೆ. 1862ರ ಹೋಮ್‌ಸ್ಟೆಡ್ ಕಾಯ್ದೆ ಒಕ್ಕಲು ಬಂದವರಿಗೆ 160 ಎಕರೆ ಕೊಡುತ್ತಿತ್ತು. ಅಲ್ಲೇ ಮನೆ ಕಟ್ಟಬೇಕು, ಐದು ವರ್ಷ ವಾಸವಿದ್ದು ಉಳಬೇಕು. ಆದರೆ ಹೊಳೆದಂಡೆ ಬಿಟ್ಟರೆ ಅಲ್ಲಿ ಮರವೇ ಅಪರೂಪ. ಹಾಗಾಗಿ ಜನ ನೆಲವನ್ನೇ ಕತ್ತರಿಸಿ ಮನೆ ಕಟ್ಟಿದರು.

ಆ ನೆಲ ಖಾಲಿ ಬಿದ್ದಿರಲಿಲ್ಲ. ಲೂಪ್ ನದಿಯ ಆಸುಪಾಸಿನಲ್ಲಿ ಪಾನೀ ಎಂಬ ಮೂಲನಿವಾಸಿ ಜನ ಮರದ ಕಂಬಗಳ ಮೇಲೆ ಹುಲ್ಲು, ಮಣ್ಣು ಹೊದಿಸಿದ ದುಂಡನೆಯ ಮನೆಗಳಲ್ಲಿ ತಲೆತಲಾಂತರದಿಂದ ಬಾಳಿದ್ದರು. 1870ರ ದಶಕದಲ್ಲಿ ಅವರು ಈಗಿನ ಒಕ್ಲಹೋಮಕ್ಕೆ ಹೋಗಬೇಕಾಯಿತು. ಕಸ್ಟರ್ ಕೌಂಟಿ ರೂಪುಗೊಂಡದ್ದು 1877ರಲ್ಲಿ. ಈ ಎರಡನ್ನೂ ಒಟ್ಟಿಗೆ ಹೇಳದೆ ಇಲ್ಲಿನ ಹಳೆಯ ಮನೆಗಳ ಕಥೆ ಹೇಳುವುದು ನ್ಯಾಯವಲ್ಲ.

ಮಳೆ ಕಡಿಮೆ, ಮೇಲಿಂದ ಮೇಲೆ ಕಾಳ್ಗಿಚ್ಚು. ಇಂಥ ಕಡೆ ಗೆಲ್ಲುವುದು ಹುಲ್ಲೇ, ಏಕೆಂದರೆ ಅದರ ಬಹುಪಾಲು ದೇಹ ನೆಲದೊಳಗಿರುತ್ತದೆ. ಮೇಲ್ಪದರದಲ್ಲಿ ಬೇರುಗಳು ತೆಂಗಿನ ನಾರಿನ ಚಾಪೆಯಂತೆ ಹೆಣೆದುಕೊಂಡು ಮಣ್ಣನ್ನು ಬಿಗಿಹಿಡಿಯುತ್ತವೆ. ವಿಶೇಷ ನೇಗಿಲಿನಿಂದ ಈ ಪದರವನ್ನು ಪಟ್ಟಿಪಟ್ಟಿಯಾಗಿ ಎಬ್ಬಿಸಿ, ಗುದ್ದಲಿಯಿಂದ ಎರಡು ಮೂರು ಅಡಿ ಉದ್ದಕ್ಕೆ ತುಂಡರಿಸುತ್ತಿದ್ದರು. ಕಲಸುವುದಿಲ್ಲ, ಸುಡುವುದಿಲ್ಲ, ಹುಲ್ಲಿನ ಮುಖ ಕೆಳಗೆ ಮಾಡಿ ಪೇರಿಸಿದರೆ ಗೋಡೆ ಸಿದ್ಧ. ಗೋಡೆಯ ದಪ್ಪ ಎರಡರಿಂದ ಮೂರು ಅಡಿ. ಒಣಗುತ್ತಾ ಅದು ಕುಗ್ಗುವುದರಿಂದ ಕಿಟಕಿ ಚೌಕಟ್ಟಿನ ಮೇಲೆ ಸಂದು ಬಿಟ್ಟು ಚಿಂದಿಬಟ್ಟೆ ತುರುಕುತ್ತಿದ್ದರು. ಇಲ್ಲದಿದ್ದರೆ ಗೋಡೆಯ ಭಾರಕ್ಕೆ ಗಾಜು ಒಡೆಯುತ್ತಿತ್ತು. ಅಷ್ಟು ದಪ್ಪದ ಮಣ್ಣು ಶಾಖವನ್ನು ನಿಧಾನಕ್ಕೆ ಹೀರಿ ನಿಧಾನಕ್ಕೆ ಬಿಡುತ್ತದೆ. ಹೀಗಾಗಿ ಬೇಸಿಗೆಯಲ್ಲಿ ತಂಪು, ಹಿಮಗಾಲದಲ್ಲಿ ಬೆಚ್ಚಗೆ. ಮಳೆ ಬಂದರೆ ಮಾತ್ರ ಗೋಳು: ಮಣ್ಣಿನ ಸೂರು ಸೋರುತ್ತಿತ್ತು, ಉದುರುವ ಮಣ್ಣನ್ನೂ ಹುಳಹುಪ್ಪಟೆಯನ್ನೂ ತಡೆಯಲು ಒಳಗೆ ಬಟ್ಟೆ ಕಟ್ಟುತ್ತಿದ್ದರು.

ಇಷ್ಟೆಲ್ಲ ನಮಗೆ ಕಣ್ಣಾರೆ ಕಾಣುವಂತೆ ಉಳಿದಿರುವುದಕ್ಕೆ ಸಾಲೊಮನ್ ಬುಚರ್ ಕಾರಣ. 1886ರಿಂದ ಈ ಛಾಯಾಗ್ರಾಹಕ ಕೌಂಟಿಯ ಮನೆಮನೆಗೆ ಹೋಗಿ ಗಾಜಿನ ಫಲಕಗಳಲ್ಲಿ ಚಿತ್ರ ತೆಗೆದ. ಒಂದು ಮನೆಯಾಕೆಗೆ ಊರ ಕಡೆಯ ನೆಂಟರು ತನ್ನ ಮಣ್ಣಿನ ಮನೆಯನ್ನು ನೋಡುವುದು ಬೇಕಿರಲಿಲ್ಲ. ಆರ್ಗನ್ ವಾದ್ಯವನ್ನು ಬಯಲಿಗೆ ಹೊರಿಸಿ, ಅದರ ಪಕ್ಕ ಸಂಸಾರವನ್ನು ನಿಲ್ಲಿಸಿದಳು. ಆ ಚಿತ್ರದಲ್ಲಿ ಮನೆಯೇ ಇಲ್ಲ, ಆದರೂ ಆ ಬಾಳಿನ ಬಗ್ಗೆ ಅಷ್ಟು ಹೇಳುವ ಇನ್ನೊಂದು ಚಿತ್ರ ನನಗೆ ಗೊತ್ತಿಲ್ಲ.

ರೈಲು ಬಂತು, ಹಲಗೆ ಬಂತು, ಮಣ್ಣಿನ ಮನೆಗಳು ಒಂದೊಂದಾಗಿ ಕುಸಿದವು. 1880ರ ದಶಕದ ಎರಡಂತಸ್ತಿನ ಹೌಮಾಂಟ್ ಮನೆ 1967ರವರೆಗೆ ನಿಂತಿತ್ತು. ಕಾಮ್‌ಸ್ಟಾಕ್ ಬಳಿ 1900ರಲ್ಲಿ ಕಟ್ಟಿದ ಡೌಸ್ ಮನೆಯಲ್ಲಿ 1959ರವರೆಗೂ ಜನ ವಾಸವಿದ್ದರು. ಅದು ದುರಸ್ತಿಯಾಗಿ ಉಳಿದಿದೆ. ಇಂಥ ಗೋಡೆಗೆ ಉತ್ತ ಹೊಲದ ಮಣ್ಣು ಆಗಿಬರುವುದಿಲ್ಲ. ಉತ್ತ ಮೇಲೆ ಬೇರಿನ ಹೆಣಿಗೆ ಕೊಳೆತು, ಮಣ್ಣು ಪುಡಿಯಾಗುತ್ತದೆ. ಕಾಯ್ದೆ ಉಳಲು ಹೇಳಿತ್ತು. ಉಳುತ್ತಾ ಹೋದಂತೆ ಮನೆಗೆ ಬೇಕಾದ ಹುಲ್ಲುಗಾವಲೇ ಮುಗಿಯಿತು. ಹಾಗಾಗಿ ಡೌಸ್ ಮನೆಯನ್ನು ಹಳೆಯ ಕಟ್ಟಡವೆಂದಷ್ಟೇ ಅಲ್ಲ, ಆ ಹುಲ್ಲುಗಾವಲಿನ ಒಂದು ತುಂಡೆಂದೂ ಕಾಪಾಡಬೇಕು.