ಲೈಕ್ ಒತ್ತಿದ್ದು ಯಾವ ಮಾತಿಗೆ?

‘ಇವತ್ತು ನಮ್ಮೂರಲ್ಲಿ ಒಳ್ಳೆ ಮಲೆ’ ಎಂದು ಅವಸರದಲ್ಲಿ ಪೋಸ್ಟ್ ಹಾಕಿದಿರಿ. ಹತ್ತು ಜನ ಲೈಕ್ ಒತ್ತಿದ ಮೇಲೆ ತಪ್ಪು ಕಣ್ಣಿಗೆ ಬಿತ್ತು. ‘ಲ’ ಹೋಗಿ ‘ಳ’ ಆಗಬೇಕು, ಅಷ್ಟೇ ಅಲ್ವಾ? ಎಲ್ಲವೂ ಒಂದೇ ಕಂಪನಿಯ ಕೈಯಲ್ಲಿದ್ದರೆ ಹೌದು. ಅವರ ಕಡೆ ಒಮ್ಮೆ ತಿದ್ದಿದರೆ ಎಲ್ಲರಿಗೂ ತಿದ್ದಿದ್ದೇ ಕಾಣುತ್ತದೆ. ಆದರೆ ಒಬ್ಬ ಯಜಮಾನನಿಲ್ಲದೆ, ಬೇರೆ ಬೇರೆಯವರ ಸರ್ವರ್‌ಗಳಲ್ಲಿ ಕಾಪಿಗಳು ಹಂಚಿಹೋಗಿರುವ ಜಾಲಗಳೂ ಇವೆ. ಅಲ್ಲಿ ಈ ಒಂದು ಅಕ್ಷರ ದೊಡ್ಡ ಪ್ರಶ್ನೆ.

2020ರಲ್ಲಿ ಶುರುವಾದ ನಾಸ್ಟರ್ ಎಂಬ ಜಾಲವನ್ನೇ ನೋಡಿ. ಬರೆದ ಮಾತು, ಸಮಯ, ಬರೆದವರ ಕೀಲಿ (ಖಾತೆಯನ್ನು ಗುರುತಿಸುವ ಉದ್ದನೆಯ ಸಂಖ್ಯೆ) ಎಲ್ಲವನ್ನೂ ಸೇರಿಸಿ ಅಲ್ಲಿ ಎಸ್‌ಎಚ್‌ಎ-256 ಎಂಬ ಲೆಕ್ಕಕ್ಕೆ ಹಾಕುತ್ತಾರೆ. ಹೊರಬರುವ 64 ಅಕ್ಷರ-ಅಂಕಿಗಳ ಸಾಲೇ ಆ ಪೋಸ್ಟಿನ ಗುರುತು. ಬೆರಳಚ್ಚು ಇದ್ದ ಹಾಗೆ. ‘ಮಲೆ’ಯನ್ನು ‘ಮಳೆ’ ಮಾಡಿದರೆ ಇಡೀ ಸಾಲು ಬೇರೆಯಾಗುತ್ತದೆ, ಹಳೆಯದಕ್ಕೂ ಹೊಸದಕ್ಕೂ ಹೋಲಿಕೆಯೇ ಇರುವುದಿಲ್ಲ. ಆ ಹತ್ತು ಲೈಕ್ ‘ಮಲೆ’ಗೇ ಉಳಿದುಬಿಡುತ್ತವೆ. ಲಾಭವೂ ಸಣ್ಣದಲ್ಲ. ಕಾಪಿ ಎಲ್ಲಿಂದ ಬಂದರೂ ಬೆರಳಚ್ಚನ್ನು ಮತ್ತೆ ಲೆಕ್ಕ ಹಾಕಿ, ಬರೆದವರಷ್ಟೇ ಹಾಕಬಲ್ಲ ಡಿಜಿಟಲ್ ಸಹಿಯನ್ನು ತಾಳೆ ನೋಡಿದರೆ ಸಾಕು. ಮಧ್ಯೆ ಯಾರಾದರೂ ಕೈಯಾಡಿಸಿದ್ದರೆ ಗೊತ್ತಾಗುತ್ತದೆ. ಅಳಿಸುವುದು ಮಾತ್ರ ಇಲ್ಲಿ ಬರೀ ಕೋರಿಕೆ. ಸರ್ವರ್ ನಡೆಸುವವರು ಒಪ್ಪಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಹಾಯಿದೋಣಿಯಲ್ಲಿ ಬದುಕುತ್ತಿದ್ದ ನ್ಯೂಜಿಲೆಂಡಿನ ಡೊಮಿನಿಕ್ ಟಾರ್ ಕಟ್ಟಿದ ಸ್ಕಟಲ್‌ಬಟ್ ಜಾಲ ಇನ್ನೂ ಬಿಗಿ. ಅದರಲ್ಲಿ ಪ್ರತಿ ಸಂದೇಶವೂ ಹಿಂದಿನ ಸಂದೇಶದ ಬೆರಳಚ್ಚನ್ನು ಹೊತ್ತಿರುತ್ತದೆ. ಪುಟಸಂಖ್ಯೆ ಹಾಕಿ ಹೊಲಿದ ಲೆಕ್ಕದ ಪುಸ್ತಕದಂತೆ, ನಡುವಿನ ಹಾಳೆ ಕಿತ್ತರೆ ಸಿಕ್ಕಿಬೀಳುತ್ತದೆ. ಇಂಟರ್ನೆಟ್ ಇಲ್ಲದ ಕಡೆಯೂ ಒಬ್ಬರಿಂದ ಒಬ್ಬರಿಗೆ ದಾಟಿಸಬಹುದು. ಆದರೆ ಒಂದೇ ಕೀಲಿಯಿಂದ ಫೋನಿನಲ್ಲೂ ಲ್ಯಾಪ್‌ಟಾಪಿನಲ್ಲೂ ಬರೆದರೆ ಸರಪಳಿ ಕವಲೊಡೆದು ಖಾತೆಯೇ ಕೆಡುತ್ತದೆ. ಕೋಪದಲ್ಲಿ ಆಡಿದ ಮಾತು, ಗೊತ್ತಿಲ್ಲದೆ ಬರೆದ ಮನೆ ವಿಳಾಸ ಎಲ್ಲವೂ ಆ ಪುಸ್ತಕದಲ್ಲಿ ಕೂತುಬಿಡುತ್ತವೆ. ಇದು ನನಗೆ ಒಪ್ಪಿಗೆಯಿಲ್ಲ. ಮನುಷ್ಯ ಮಾತನಾಡುವ ಜಾಗ ಬ್ಯಾಂಕಿನ ಲೆಕ್ಕವಲ್ಲ.

ಮಾಸ್ಟೊಡಾನ್ ಎಂಬ ಜಾಲ ಇದಕ್ಕೆ ತೀರಾ ಉಲ್ಟಾ. ಪೋಸ್ಟಿಗೆ ಒಂದು ವಿಳಾಸವಿರುತ್ತದೆ, ಆ ವಿಳಾಸದಲ್ಲಿರುವ ಮಾತು ಬದಲಾಗಬಹುದು. 2022ರಲ್ಲಿ ಎಡಿಟ್ ಸೌಲಭ್ಯ ಬಂದಾಗ, ಆ ಪೋಸ್ಟನ್ನು ಹಂಚಿಕೊಂಡಿದ್ದವರಿಗೆ ‘ಇದು ಬದಲಾಗಿದೆ’ ಎಂದು ತಿಳಿಸುವ ವ್ಯವಸ್ಥೆಯೂ ಬಂತು. ಅದು ಬೇಕೇಬೇಕಿತ್ತು. ಮಳೆಯ ಮಾತಿಗೆ ಲೈಕ್ ಒತ್ತಿದವರ ಹೆಸರು ನಾಳೆ ಯಾರನ್ನೋ ಬೈಯುವ ಮಾತಿನ ಕೆಳಗೆ ಕಂಡರೆ ಹೇಗೆ?

ಬ್ಲೂಸ್ಕೈ ಜಾಲ ನಡೆಯುವ ನಿಯಮಗಳ ಕಟ್ಟು, ಅಂದರೆ ಎಟಿ ಪ್ರೋಟೋಕಾಲ್, ಹುಡುಕಿದ ದಾರಿ ನನಗೆ ಜಾಸ್ತಿ ಇಷ್ಟ. ಅಲ್ಲಿ ಲೈಕ್ ಕೂಡ ಒಂದು ಪುಟ್ಟ ದಾಖಲೆ, ನಿಮ್ಮದೇ ಖಾತೆಯಲ್ಲಿರುತ್ತದೆ. ಅದನ್ನು ಬಿಚ್ಚಿ ನೋಡಿದರೆ ಪೋಸ್ಟಿನ ವಿಳಾಸ ಒಂದು ಕಡೆ, ಲೈಕ್ ಒತ್ತಿದಾಗ ಅಲ್ಲಿದ್ದ ಮಾತಿನ ಬೆರಳಚ್ಚು ಇನ್ನೊಂದು ಕಡೆ. ಎರಡನ್ನೂ ಬರೆದಿಟ್ಟಿರುತ್ತಾರೆ. ಮೊದಮೊದಲು ಖಾತೆಯ ಹಳೆಯ ಸ್ಥಿತಿಗಳೆಲ್ಲ ಸರಪಳಿಯಾಗಿ ಉಳಿಯುತ್ತಿದ್ದವು. ಅಳಿಸಿದ ಪೋಸ್ಟ್ ಹಿಂದಿನ ಕೊಂಡಿಯಲ್ಲಿ ಹಾಗೇ ಇರುತ್ತಿತ್ತು. 2023ರಲ್ಲಿ ಆ ಇತಿಹಾಸ ಇಟ್ಟುಕೊಳ್ಳಲೇಬೇಕು ಎಂಬ ನಿಯಮವನ್ನು ಕೈಬಿಟ್ಟರು. ಈಗಿನ ಸ್ಥಿತಿಗೆ ಹಾಕಿದ ಸಹಿಯಷ್ಟೇ ಸಾಕು. ಬೇರೆಯವರು ಮಾಡಿಟ್ಟುಕೊಂಡ ಕಾಪಿಯನ್ನು ಯಾವ ನಿಯಮವೂ ಅಳಿಸಲಾರದು ನಿಜ, ಆದರೆ ಇಟ್ಟುಕೊಳ್ಳಿ ಎಂದು ಜಾಲವೇ ಒತ್ತಾಯಿಸುವುದಿಲ್ಲ.

ಈಗ ‘ಮಲೆ’ ಅದೇ ವಿಳಾಸದಲ್ಲಿ ‘ಮಳೆ’ ಆಯಿತು ಅಂದುಕೊಳ್ಳಿ. ಹತ್ತು ಲೈಕೂ ಆ ವಿಳಾಸವನ್ನೇ ತೋರಿಸುತ್ತಿರುತ್ತವೆ, ಬೆರಳಚ್ಚು ಮಾತ್ರ ಹೊಂದುವುದಿಲ್ಲ. ಆ್ಯಪ್ ಬರೆಯುವವರು ಮನಸ್ಸು ಮಾಡಿದರೆ ‘ನೀವು ಲೈಕ್ ಒತ್ತಿದ ಮೇಲೆ ಇದನ್ನು ತಿದ್ದಲಾಗಿದೆ’ ಎಂದು ಕೆಳಗೆ ಒಂದು ಸಾಲು ತೋರಿಸಬಹುದು.