ಎಂಜಿನ್ ನಿಂತ ಮೇಲೂ ಇಳಿಯದ ಒತ್ತಡ

ಊಟದ ಹೊತ್ತಿಗೆ ಕೆಲಸ ನಿಲ್ಲಿಸಿದ ಹಿಟಾಚಿಯನ್ನು, ಅಂದರೆ ಮಣ್ಣು ಅಗೆಯುವ ಎಕ್ಸ್‌ಕವೇಟರನ್ನು, ಕಲ್ಲುಕ್ವಾರಿಯಲ್ಲೋ ರಸ್ತೆ ಕಾಮಗಾರಿಯ ಪಕ್ಕದಲ್ಲೋ ನೋಡಿರುತ್ತೀರಿ. ಎಂಜಿನ್ ಆಫ್ ಆಗಿದೆ, ಆಪರೇಟರ್ ಇಳಿದು ಹೋಗಿದ್ದಾರೆ, ಬಕೆಟ್ ಮಾತ್ರ ಆಳೆತ್ತರದಲ್ಲಿ ಹಾಗೇ ನಿಂತಿದೆ. ಅಷ್ಟು ಭಾರದ ಉಕ್ಕನ್ನು ಅಲ್ಲಿ ಹಿಡಿದಿಟ್ಟಿರುವುದು ಸಿಲಿಂಡರಿನೊಳಗೆ ಸಿಕ್ಕಿಕೊಂಡ ಆಯಿಲ್. ಪಂಪ್ ನಿಂತಿದ್ದರೂ ವಾಲ್ವ್ ಮುಚ್ಚಿರುವುದರಿಂದ ಆ ಆಯಿಲ್‌ಗೆ ಹೊರಹೋಗಲು ದಾರಿಯಿಲ್ಲ. ಸೋರುತ್ತಿದೆ ಎಂದು ಯಾರಾದರೂ ಅದೇ ಸಿಲಿಂಡರಿನ ಹೋಸ್ ಪೈಪಿಗೆ ಸ್ಪ್ಯಾನರ್ ಹಾಕಿ ನಟ್ ತಿರುಗಿಸಿದರೆ ಆಗ ದಾರಿ ಸಿಗುತ್ತದೆ.

ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಒತ್ತಡ ಹಾಕಿದರೆ ಅದು ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ ಎಂಬುದನ್ನು 17ನೇ ಶತಮಾನದಲ್ಲಿ ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ವಿವರಿಸಿದರು. ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಅದೇ ತತ್ವದ ಮೇಲೆ ಹೈಡ್ರಾಲಿಕ್ ಪ್ರೆಸ್‌ಗೆ ಪೇಟೆಂಟ್ ಪಡೆದರು. ಇವತ್ತಿನ 20 ಟನ್ ವರ್ಗದ ಎಕ್ಸ್‌ಕವೇಟರ್‌ನಲ್ಲಿ ಒತ್ತಡ ಸುಮಾರು 350 ಬಾರ್‌ವರೆಗೆ ಏರುತ್ತದೆ. ಕಾರಿನ ಟೈರಿನಲ್ಲಿರುವುದು ಎರಡು ಬಾರ್‌ಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಒಂದು ಬಾರ್ ಎಂದರೆ ಹೆಚ್ಚುಕಡಿಮೆ ಪ್ರತಿ ಚದರ ಸೆಂಟಿಮೀಟರಿಗೆ ಒಂದು ಕಿಲೋ ಭಾರ. 16 ಮಿ.ಮೀ. ಒಳವ್ಯಾಸದ ಹೋಸ್ ಪೈಪಿನ ಬಾಯಿ ಎರಡು ಚದರ ಸೆಂಟಿಮೀಟರ್ ಇರುತ್ತದೆ. ಪೂರ್ತಿ ಒತ್ತಡವಿದ್ದಾಗ ಅಷ್ಟು ಸಣ್ಣ ಬಾಯಿಯ ಮೇಲೆ ಬೀಳುವ ಬಲ 700 ಕಿಲೋ.

ಇಷ್ಟಾದರೂ ಆಯಿಲ್ ತಾನಾಗಿ ಕೂಡಿಟ್ಟುಕೊಳ್ಳುವ ಶಕ್ತಿ ತೀರ ಕಡಿಮೆ. ದ್ರವ ಸುಲಭವಾಗಿ ಕುಗ್ಗುವುದಿಲ್ಲ. 350 ಬಾರ್ ಒತ್ತಡದಲ್ಲೂ ಹೈಡ್ರಾಲಿಕ್ ಆಯಿಲ್‌ನ ಗಾತ್ರ ಇಳಿಯುವುದು ಸುಮಾರು ಶೇ. 2ರಷ್ಟು, ಅಷ್ಟೇ. ಹಿಂದಿನಿಂದ ತಳ್ಳುವವರು ಯಾರೂ ಇಲ್ಲದಿದ್ದರೆ ನಟ್ ಸಡಿಲಿಸಿದ ಮೇಲೆ ಸ್ವಲ್ಪ ಆಯಿಲ್ ಚಿಮ್ಮಿ ಒತ್ತಡ ಸೊನ್ನೆಗೆ ಇಳಿದುಬಿಡುತ್ತದೆ. ಆದ್ದರಿಂದ ರಿಪೇರಿಗೆ ಕೈಹಾಕುವ ಮೊದಲು ಕೇಳಬೇಕಾದ ಪ್ರಶ್ನೆ, ಆಯಿಲ್‌ನ ಹಿಂದೆ ನಿಂತು ಅದನ್ನು ತಳ್ಳುತ್ತಿರುವುದು ಏನು ಎಂಬುದು. ಅದು ಎತ್ತಿ ನಿಲ್ಲಿಸಿದ ಬೂಮ್‌ನ (ಯಂತ್ರದ ದೊಡ್ಡ ತೋಳಿನ) ಭಾರವಾಗಿರಬಹುದು, ಅದುಮಿಟ್ಟ ಅನಿಲವಾಗಿರಬಹುದು, ಬಿಗಿದ ಸ್ಪ್ರಿಂಗ್ ಇರಬಹುದು. ಬಿಸಿಲೂ ಆಗಿರಬಹುದು.

ಬಿಸಿಲಿನ ವಿಷಯ ಬ್ರೇಕರ್ (ಬಕೆಟ್ ಬದಲು ಹಾಕುವ, ಕಲ್ಲೊಡೆಯುವ ಉಪಕರಣ) ಕಟ್ಟುವವರಿಗೆ ಚೆನ್ನಾಗಿ ಗೊತ್ತು. ಯಂತ್ರದಿಂದ ಕಳಚಿಟ್ಟ ಬ್ರೇಕರ್‌ನ ಹೋಸ್‌ಗಳು ಬಳ್ಳಾರಿಯ ಏಪ್ರಿಲ್ ಬಿಸಿಲಿನಲ್ಲಿ ಬಿದ್ದಿದ್ದರೆ ಮಧ್ಯಾಹ್ನ ಹೋಸ್‌ಗಳನ್ನು ಯಂತ್ರಕ್ಕೆ ಸೇರಿಸುವ ಕಪ್ಲಿಂಗ್ ಕೂರುವುದೇ ಇಲ್ಲ. ಒಳಗೆ ಸಿಕ್ಕಿಕೊಂಡ ಆಯಿಲ್ ಕಾದು ಹಿಗ್ಗಲು ನೋಡುತ್ತದೆ, ಹಿಗ್ಗಲು ಜಾಗವಿಲ್ಲ. ಅಲ್ಲಾಡದ ಉಕ್ಕಿನ ಪಾತ್ರೆಯಲ್ಲಾದರೆ ಒಂದು ಡಿಗ್ರಿ ಶಾಖ ಏರಿದರೆ ಒತ್ತಡ ಸುಮಾರು 10 ಬಾರ್ ಏರುತ್ತದೆ. ರಬ್ಬರ್ ಹೋಸ್ ಸ್ವಲ್ಪ ಹಿಗ್ಗುವುದರಿಂದ ಏರಿಕೆ ಅಷ್ಟಿರುವುದಿಲ್ಲ, ಆದರೂ ಕಪ್ಲಿಂಗಿನ ವಾಲ್ವ್ ಒಳಗೆ ಸರಿಯದಂತೆ ಹಿಡಿದಿಡಲು ಸಾಕು. ಆಗ ಕಪ್ಲಿಂಗಿನ ಮೂತಿಗೆ ಸುತ್ತಿಗೆಯಲ್ಲಿ ಹೊಡೆದು ಆಯಿಲ್ ಹಾರಿಸುವ ಅಭ್ಯಾಸ ಅನೇಕ ಕಡೆ ಇದೆ. ಹಾಗೆ ಮಾಡಲೇಬಾರದು. ಹೋಸನ್ನು ನೆರಳಿಗೆ ತಂದು ತಣ್ಣಗಾಗಲು ಬಿಟ್ಟರೆ ಬಹಳಷ್ಟು ಸಲ ತಾನೇ ಕೂರುತ್ತದೆ.

ಸುತ್ತಿಗೆ ಬೇಡ ಎನ್ನಲು ಕಾರಣ ಚಿಮ್ಮುವ ಆಯಿಲ್‌ನ ವೇಗ. ಘರ್ಷಣೆಯ ನಷ್ಟವನ್ನು ಬಿಟ್ಟು ಲೆಕ್ಕ ಹಾಕಿದರೆ, 350 ಬಾರ್ ಒತ್ತಡದ ಹಿಂದಿನಿಂದ ಸೂಜಿರಂಧ್ರದಲ್ಲಿ ಹೊರಬರುವ ಆಯಿಲ್ ಸೆಕೆಂಡಿಗೆ 280 ಮೀಟರ್, ಅಂದರೆ ಗಂಟೆಗೆ ಸಾವಿರ ಕಿಲೋಮೀಟರ್ ವೇಗದಲ್ಲಿರುತ್ತದೆ. ಎಷ್ಟೋ ಸಲ ಅದು ಕಣ್ಣಿಗೆ ಕಾಣುವುದೂ ಇಲ್ಲ. ಎಲ್ಲಿ ಸೋರುತ್ತಿದೆ ಎಂದು ಬೆರಳಲ್ಲಿ ತಡಕಿದರೆ ಚರ್ಮ ತೂರಿ ಒಳಗೆ ಹೋಗುತ್ತದೆ. ಇದಕ್ಕೆ 7 ಬಾರ್ ಒತ್ತಡವೇ ಸಾಕು, ಕೈಗವಸು ಇದನ್ನು ತಡೆಯುವುದಿಲ್ಲ. ಗಾಯ ಮುಳ್ಳು ಚುಚ್ಚಿದಷ್ಟು ಚಿಕ್ಕದು, ಮೊದಲಿಗೆ ನೋವೂ ಹೆಚ್ಚಿರುವುದಿಲ್ಲ. ಅದಕ್ಕೇ ಕೈ ಒರೆಸಿಕೊಂಡು ಕೆಲಸ ಮುಂದುವರಿಸುತ್ತಾರೆ. ಒಳಗೆ ಆಯಿಲ್ ಸ್ನಾಯುರಜ್ಜುಗಳ ಪೊರೆಯ ಗುಂಟ ಅಂಗೈವರೆಗೂ ಹರಡಿ, ಊತ ಏರಿ, ರಕ್ತ ಹರಿಯುವುದೇ ನಿಲ್ಲುತ್ತದೆ. ಕೆಲವೇ ಗಂಟೆಗಳಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಆಯಿಲ್ ತೆಗೆಯದಿದ್ದರೆ ಬೆರಳು ಕತ್ತರಿಸಬೇಕಾಗಬಹುದು. ಟಿಟಿ ಇಂಜೆಕ್ಷನ್ ಹಾಕಿಸಿಕೊಂಡು ಮನೆಗೆ ಹೋಗುವ ಗಾಯ ಇದಲ್ಲ. ನೇರವಾಗಿ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ದೊಡ್ಡ ಆಸ್ಪತ್ರೆಗೆ ಹೋಗಿ, ‘ಹೈಡ್ರಾಲಿಕ್ ಆಯಿಲ್ ಪ್ರೆಶರ್‌ನಲ್ಲಿ ಒಳಗೆ ಹೋಗಿದೆ’ ಎಂದು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಚುಕ್ಕೆಯಷ್ಟು ಗಾಯ ನೋಡಿ ವೈದ್ಯರಿಗೂ ತಿಳಿಯದೇ ಹೋಗಬಹುದು. ಸೋರಿಕೆ ಹುಡುಕಲು ರಟ್ಟಿನ ತುಂಡು ಸಾಕು, ಕೈ ಬೇಡ. ಯಂತ್ರದ ಮಾಲೀಕರು ತಮ್ಮ ಹೆಲ್ಪರ್ ಹುಡುಗರಿಗೆ ಬೇರೇನು ಕಲಿಸದಿದ್ದರೂ ಇದೊಂದನ್ನು ಕಲಿಸಲಿ ಎಂಬುದು ನನ್ನ ಕಳಕಳಿ.

ಅನಿಲದ ಲೆಕ್ಕವೇ ಬೇರೆ. ಅನಿಲ ಕುಗ್ಗುತ್ತದೆ, ಕುಗ್ಗಿದಷ್ಟೂ ಶಕ್ತಿ ತುಂಬಿಕೊಳ್ಳುತ್ತದೆ. 200 ಬಾರ್ ಒತ್ತಡದ ಹತ್ತು ಲೀಟರ್ ನೈಟ್ರೋಜನ್ ಒಮ್ಮೆಲೇ ಹಿಗ್ಗಿದಾಗ ಬಿಡುವ ಶಕ್ತಿ, ಅಷ್ಟೇ ಒತ್ತಡದ ಅಷ್ಟೇ ಆಯಿಲ್ ಬಿಡುವುದಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು. ಗಣಿಯ ದೊಡ್ಡ ಡಂಪರ್‌ಗಳ ಬ್ರೇಕ್ ಮತ್ತು ಸ್ಟೀರಿಂಗ್ ವ್ಯವಸ್ಥೆಯಲ್ಲಿರುವ ಅಕ್ಯುಮುಲೇಟರ್ ಇಂಥ ನೈಟ್ರೋಜನ್ ತುಂಬಿದ ಉಕ್ಕಿನ ಸಿಲಿಂಡರ್. ಬ್ರೇಕರ್‌ನ ತಲೆಭಾಗದಲ್ಲೂ ನೈಟ್ರೋಜನ್ ಇರುತ್ತದೆ. ಆಯಿಲ್ ಪೂರ್ತಿ ಇಳಿಸಿದರೂ ಈ ಅನಿಲ ಒಳಗೇ ಉಳಿದಿರುತ್ತದೆ. ಅದನ್ನು ಸರಿಯಾದ ಉಪಕರಣದಿಂದ ಬೇರೆಯಾಗಿ ಬಿಡದೆ ಬ್ರೇಕರ್‌ನ ಬೋಲ್ಟ್ ಬಿಚ್ಚಬಾರದು, ಅಕ್ಯುಮುಲೇಟರ್ ಮೇಲೆ ವೆಲ್ಡಿಂಗ್ ಮಾಡಲೇಬಾರದು. ನೈಟ್ರೋಜನ್ ಬದಲು ಆಕ್ಸಿಜನ್ ತುಂಬಿದರೆ ಆಯಿಲ್ ಜೊತೆ ಸೇರಿ ಸ್ಫೋಟವಾಗುತ್ತದೆ.

ಚೈನ್ ಬಿಗಿತದ್ದು ಇನ್ನೊಂದು. ಎಕ್ಸ್‌ಕವೇಟರ್ ಓಡಾಡುವ ಉಕ್ಕಿನ ಪಟ್ಟಿಯಾದ ಚೈನನ್ನು ಬಿಗಿಯಾಗಿಡುವುದು ಗ್ರೀಸ್ ತುಂಬಿದ ಸಿಲಿಂಡರ್ ಮತ್ತು ಅದರ ಹಿಂದಿನ ಭಾರಿ ಸ್ಪ್ರಿಂಗ್. ಸಡಿಲ ಮಾಡಲು ಗ್ರೀಸ್ ವಾಲ್ವನ್ನು ಒಂದು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು. ತಿರುಗಿಸಿದರೆ ವಾಲ್ವೇ ಗುಂಡಿನಂತೆ ಹಾರಿಬರುತ್ತದೆ. ಮುಖ ಅದರ ನೇರಕ್ಕೆ ಇರಕೂಡದು.

ಹಾಗಾದರೆ ಒತ್ತಡ ಇಳಿಸುವುದು ಹೇಗೆ? ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಬಕೆಟ್ ಮತ್ತು ಬೂಮ್ ಪೂರ್ತಿ ನೆಲಕ್ಕೆ ಊರಬೇಕು. ಭಾರವನ್ನು ನೆಲ ಹೊತ್ತಮೇಲೆ ಆಯಿಲ್ ಹೊರಬೇಕಿಲ್ಲ. ಎಂಜಿನ್ ಆಫ್ ಮಾಡಿದ ಕೂಡಲೇ, ಸ್ಟಾರ್ಟ್ ಮಾಡದೆ, ಕೀಲಿಯನ್ನು ಮತ್ತೆ ಆನ್ ಸ್ಥಾನಕ್ಕೆ ತಿರುಗಿಸಿ, ಸೇಫ್ಟಿ ಲಿವರನ್ನು (ಉಳಿದ ಲಿವರ್‌ಗಳು ಕೆಲಸ ಮಾಡದಂತೆ ತಡೆಯುವ ಲಿವರ್) ತೆರೆದಿಟ್ಟು, ಎಲ್ಲ ಲಿವರ್‌ಗಳನ್ನು ಎಲ್ಲ ದಿಕ್ಕಿಗೂ ಹಲವು ಸಲ ಆಡಿಸಬೇಕು. ಕೂಡಲೇ ಎನ್ನುವುದಕ್ಕೆ ಕಾರಣವಿದೆ. ಎಕ್ಸ್‌ಕವೇಟರ್‌ನಲ್ಲಿ ಲಿವರ್ ಮುಖ್ಯ ವಾಲ್ವನ್ನು ನೇರವಾಗಿ ತೆರೆಯುವುದಿಲ್ಲ. ಪೈಲಟ್ ಆಯಿಲ್ ಎಂಬ ಕಡಿಮೆ ಒತ್ತಡದ ಆಯಿಲ್ ಆ ಕೆಲಸ ಮಾಡುತ್ತದೆ. ಎಂಜಿನ್ ನಿಂತರೆ ಪೈಲಟ್ ಪಂಪೂ ನಿಲ್ಲುತ್ತದೆ, ಚಿಕ್ಕ ಅಕ್ಯುಮುಲೇಟರ್‌ನಲ್ಲಿ ಉಳಿದಿರುವ ಒತ್ತಡ ಕೆಲವು ಸಲಕ್ಕೆ ಮಾತ್ರ ಸಾಕು. ಟೀ ಕುಡಿದು ಬಂದು ಆಡಿಸಿದರೆ ಲಿವರ್ ಅಲ್ಲಾಡುತ್ತದೆ, ಒಳಗಿನ ವಾಲ್ವ್ ತೆರೆಯದೇ ಇರಬಹುದು. ಹಳೆಯ ಬ್ಯಾಕ್‌ಹೋ ಲೋಡರ್‌ಗಳಲ್ಲಿ (ಜನ ಜೆಸಿಬಿ ಎನ್ನುವ ಯಂತ್ರ) ಲಿವರ್ ನೇರವಾಗಿ ವಾಲ್ವಿಗೇ ಜೋಡಿಸಿರುವುದರಿಂದ ಈ ತೊಂದರೆಯಿಲ್ಲ.

ಬಳಿಕ ಆಯಿಲ್ ಟ್ಯಾಂಕಿನ ಬ್ರೀದರ್‌ನಿಂದ (ಗಾಳಿಯಾಡುವ ಮುಚ್ಚಳದಿಂದ) ಗಾಳಿ ಬಿಟ್ಟು, ಆಯಿಲ್ ತಣಿಯಲು ಬಿಟ್ಟು, ಕೀಲಿ ತೆಗೆದು ಜೇಬಿಗಿಟ್ಟು, ‘ಸ್ಟಾರ್ಟ್ ಮಾಡಬೇಡಿ’ ಎಂಬ ಫಲಕವನ್ನು ಕ್ಯಾಬಿನ್‌ನಲ್ಲಿ ತೂಗುಹಾಕಬೇಕು. ಕಾರ್ಖಾನೆಗಳಿಗಾಗಿ ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾ 1989ರಲ್ಲಿ ಹೊರಡಿಸಿದ ನಿಯಮದಲ್ಲಿ ಬೀಗ ಹಾಕುವುದಷ್ಟೇ ಇಲ್ಲ. ಉಳಿದ ಶಕ್ತಿಯನ್ನು ಹೊರಬಿಡಬೇಕು, ಅದು ಮತ್ತೆ ಕೂಡಿಕೊಳ್ಳುವ ಸಂಭವವಿದ್ದರೆ ಕೆಲಸ ಮುಗಿಯುವವರೆಗೂ ಪರೀಕ್ಷಿಸುತ್ತಿರಬೇಕು ಎಂದಿದೆ. ಯಂತ್ರದಿಂದ ಯಂತ್ರಕ್ಕೆ ಕ್ರಮ ಸ್ವಲ್ಪ ಬದಲಾಗುವುದರಿಂದ ಆಯಾ ಕೈಪಿಡಿ ನೋಡಲೇಬೇಕು. ಹೋಸ್ ಒಡೆದರೂ ಬೂಮ್ ಕುಸಿಯದಂತೆ ತಡೆಯುವ ಲಾಕ್ ವಾಲ್ವ್ ಇರುವ ಯಂತ್ರಗಳಲ್ಲಂತೂ ಇದು ಮುಖ್ಯ. ಜೀವ ಉಳಿಸುವ ಆ ವಾಲ್ವೇ ಲಿವರ್ ಆಡಿಸಿದ ಮೇಲೂ ಸಿಲಿಂಡರಿನಲ್ಲಿ ಒತ್ತಡ ಹಿಡಿದಿಟ್ಟಿರಬಹುದು.

ಇಷ್ಟೆಲ್ಲ ಮಾಡಿದ ಮೇಲೂ ನಟ್ಟನ್ನು ಒಮ್ಮೆಲೇ ಬಿಚ್ಚುವುದಲ್ಲ. ಸುರಕ್ಷತಾ ಕನ್ನಡಕ ಹಾಕಿಕೊಂಡು, ಮುಖ ಪಕ್ಕಕ್ಕೆ ಇಟ್ಟು, ತುಸು ಮಾತ್ರ ಸಡಿಲಿಸಿ ಕಾಯಬೇಕು. ಆಯಿಲ್ ರಭಸದಿಂದ ಬಂದರೆ ಹಿಂದೆ ಸರಿದು, ಹಿಂದೆ ಯಾವುದು ತಳ್ಳುತ್ತಿದೆ ಎಂದು ಮೊದಲಿನಿಂದ ನೋಡಬೇಕು. ಸ್ವಲ್ಪ ಜಿನುಗಿ ನಿಂತರೆ ಪೂರ್ತಿ ಬಿಚ್ಚಬಹುದು.