ಎರಡು ಈಕ್ವಲ್ ಟು ಮಾಡಿದ ರಾದ್ಧಾಂತ

ಪೀಣ್ಯದ ಒಂದು ಫ್ಯಾಕ್ಟರಿಯ ಮೇಲ್ ಸರ್ವರ್ ಅನ್ನು ವೈಟ್‌ಫೀಲ್ಡ್ ಕಡೆಯ ಡೇಟಾ ಸೆಂಟರ್‌ಗೆ ಸಾಗಿಸುವ ಕೆಲಸ. ಹೊಸ ಮೆಷಿನ್ ರೆಡಿ ಇತ್ತು. ಆದರೆ ಡಿಎನ್‌ಎಸ್‌ನಲ್ಲಿ (ಹೆಸರು ಕೊಟ್ಟರೆ ಸರ್ವರ್‌ನ ವಿಳಾಸ ಹೇಳುವ ವ್ಯವಸ್ಥೆ) ಟಿಟಿಎಲ್ (ಒಮ್ಮೆ ಕೇಳಿದ ವಿಳಾಸವನ್ನು ನೆನಪಿಟ್ಟುಕೊಳ್ಳುವ ಅವಧಿ) 86400 ಸೆಕೆಂಡ್, ಅಂದರೆ ಪೂರ್ತಿ ಒಂದು ದಿನ. ವಿಳಾಸ ಬದಲಿಸಿದರೂ ನಾಳೆವರೆಗೆ ಎಷ್ಟೋ ಜನ ಹಳೆ ಬಾಗಿಲನ್ನೇ ತಟ್ಟುತ್ತಾರೆ. ಮೊದಲೇ ಅದನ್ನು 300ಕ್ಕೆ ಇಳಿಸಬೇಕಿತ್ತು. ಏನು ಮಾಡೋದು, ಡೊಮೈನ್ ಪಾಸ್‌ವರ್ಡ್ ಕೆಲಸ ಬಿಟ್ಟು ಹೋದವರ ಹತ್ತಿರ ಇತ್ತು. ಸಿಕ್ಕಿದ್ದೇ ಶನಿವಾರ ಸಂಜೆ. ಸಾಲದ್ದಕ್ಕೆ ಆಫೀಸಿನ ಕಂಪ್ಯೂಟರ್‌ಗಳಲ್ಲಿ ಸರ್ವರ್ ಹೆಸರಿನ ಬದಲು ಅದರ ಅಂಕಿಗಳ ವಿಳಾಸ ಐಪಿಯನ್ನೇ ಹಾಕಿಟ್ಟಿದ್ದರು. ಹಳೆ ಸರ್ವರ್‌ಗೆ ಬಂದದ್ದನ್ನು ಹೊಸದಕ್ಕೆ ತಿರುಗಿಸದೆ ದಾರಿ ಇರಲಿಲ್ಲ.

ಲಿನಕ್ಸ್‌ನಲ್ಲಿ ಇದು ಐಪಿಟೇಬಲ್ಸ್‌ನ (ಬಂದ ಡೇಟಾವನ್ನು ತಡೆಯುವ, ತಿರುಗಿಸುವ ಸಾಧನ) ಒಂದು ಸಾಲು. ಬಂದ ಪ್ಯಾಕೆಟ್‌ನ (ಡೇಟಾದ ತುಣುಕು) ವಿಳಾಸ ಬದಲಿಸಿ ಮುಂದಕ್ಕೆ ಕಳಿಸೋದು, ಅಷ್ಟೇ. ತೊಂದರೆ ಇರೋದು ಉತ್ತರ ವಾಪಸ್ ಬರುವ ದಾರಿಯಲ್ಲಿ. ನೀವು ಕರೆದದ್ದು ಹಳೆ ಸರ್ವರ್ ಅನ್ನು, ಓಗೊಟ್ಟದ್ದು ಹೊಸದು. ‘ಯಾರಪ್ಪಾ ನೀನು’ ಅಂತ ನಿಮ್ಮ ಮೆಷಿನ್ ಆ ಪ್ಯಾಕೆಟ್ ಬಿಸಾಡುತ್ತದೆ. ಅದಕ್ಕೇ ಎಲ್ಲರೂ ಜೊತೆಗೆ ಮಾಸ್ಕರೇಡ್ ಸೇರಿಸುತ್ತಾರೆ: ಕಳಿಸಿದವರ ಐಪಿ ಜಾಗದಲ್ಲಿ ಹಳೆ ಸರ್ವರ್‌ನದ್ದನ್ನೇ ಹಾಕೋದು. ಆಗ ಕನೆಕ್ಷನ್ ಆಗುತ್ತದೆ, ಆದರೆ ಹೊಸ ಸರ್ವರ್ ಕಣ್ಣಿಗೆ ಊರಿನವರೆಲ್ಲ ಒಂದೇ ಐಪಿಯಿಂದ ಬಂದವರು. ಆ ಡೊಮೈನ್ ಪರವಾಗಿ ಮೇಲ್ ಕಳಿಸಲು ಈ ಐಪಿಗೆ ಅನುಮತಿ ಇದೆಯಾ ಅಂತ ನೋಡುವ ಎಸ್‌ಪಿಎಫ್ ತಪಾಸಣೆ ಕೆಡುತ್ತದೆ. ಆ ಐಪಿ ಪೋಸ್ಟ್‌ಫಿಕ್ಸ್‌ನ (ಮೇಲ್ ತಗೊಂಡು ಕಳಿಸುವ ಸಾಫ್ಟ್‌ವೇರ್) ‘ನಮ್ಮವರು’ ಪಟ್ಟಿಯಲ್ಲಿದ್ದರಂತೂ ಸ್ಪ್ಯಾಮ್ ಕಳಿಸುವವರಿಗೆ ಬಾಗಿಲು ತೆರೆದಿಟ್ಟ ಹಾಗೆ. ಪದೇಪದೇ ತಪ್ಪುವ ಐಪಿಯನ್ನು ತಡೆಯುವ ಫೇಲ್‌ಟುಬ್ಯಾನ್ ಇದ್ದರೆ ಇನ್ನೂ ಚೆಂದ: ಒಬ್ಬರು ನಾಲ್ಕಾರು ಸಲ ತಪ್ಪು ಪಾಸ್‌ವರ್ಡ್ ಒತ್ತಿದರೆ ಇಡೀ ಆಫೀಸ್ ಬ್ಯಾನ್!

ಹಾಗಾಗಿ ಮೇಲ್ ಬಂದು ಬೀಳುವ ಬಾಗಿಲು, ಪೋರ್ಟ್ 25ನ್ನು, ನಾನು ಪ್ಯಾಕೆಟ್ ಮಟ್ಟದಲ್ಲಿ ತಿರುಗಿಸುವುದಿಲ್ಲ. ಹಳೆ ಪೋಸ್ಟ್‌ಫಿಕ್ಸ್ ಮೇಲ್ ತಗೊಂಡು, ಪರೀಕ್ಷೆ ಮಾಡಿ, ಯಾವ ಮೇಲ್ ಎಲ್ಲಿಗೆ ಅನ್ನುವ ಟ್ರಾನ್ಸ್‌ಪೋರ್ಟ್ ಮ್ಯಾಪ್ ನೋಡಿ ಹೊಸದಕ್ಕೆ ದಾಟಿಸಲಿ. ಮೇಲ್ ಓದುವ ಪೋರ್ಟ್ 143, 993ಕ್ಕೆ ಮಾತ್ರ ಐಪಿಟೇಬಲ್ಸ್. ಅಲ್ಲೂ ಹಳೆ ಸರ್ವರ್‌ನ ಐಪಿಯನ್ನು ಬ್ಯಾನ್ ಮಾಡದಂತೆ ಹೇಳಿಟ್ಟೇ ಶುರು ಮಾಡೋದು.

ಜೊತೆಗಿದ್ದ ಹುಡುಗ ಒಂದು ಸ್ಕ್ರಿಪ್ಟ್ ಬರೆದ. ಐದು ನಿಮಿಷಕ್ಕೊಮ್ಮೆ ಹೊಸ ಸರ್ವರ್ ನೋಡಬೇಕು. ಎದ್ದಿದ್ದರೆ ಐಪಿಟೇಬಲ್ಸ್‌ನ ಆ ಸಾಲು (ರೂಲ್) ಇರಲಿ, ಬಿದ್ದಿದ್ದರೆ ತೆಗೆ. ಬರೆದದ್ದು ಮ್ಯಾಕ್‌ನಲ್ಲಿ, ಓಡಬೇಕಾದದ್ದು ಉಬುಂಟು ಲಿನಕ್ಸ್‌ನಲ್ಲಿ. ಮೊದಲ ಏಟು ಫೈಲ್‌ನೊಳಗಿನ ಪಠ್ಯ ಬದಲಿಸುವ ಸೆಡ್ ಕಮಾಂಡ್‌ನಿಂದ. ಮ್ಯಾಕ್‌ನಲ್ಲಿ ಮೈನಸ್ ಐ (ಅದೇ ಫೈಲ್ ತಿದ್ದು ಅನ್ನೋ ಸೂಚನೆ) ಆದಮೇಲೆ ಖಾಲಿ ಕೋಟ್ಸ್ ಬೇಕು. ಲಿನಕ್ಸ್‌ನ ಸೆಡ್ ಆ ಖಾಲಿಯನ್ನೇ ಆಜ್ಞೆ ಅಂದುಕೊಂಡು, ನಿಜವಾದ ಆಜ್ಞೆಯನ್ನು ಫೈಲ್ ಹೆಸರು ಅಂತ ಹುಡುಕುತ್ತದೆ. ಮೈನಸ್ ಐಗೆ ಅಂಟಿಸಿಯೇ ಡಾಟ್ ಬ್ಯಾಕ್ ಅಂತ ಬರೆದರೆ ಎರಡೂ ಕಡೆ ನಡೆಯುತ್ತದೆ, ಹಳೆ ಫೈಲ್‌ನ ಪ್ರತಿಯೂ ಉಳಿಯುತ್ತದೆ.

ಭಾನುವಾರ ರಾತ್ರಿ ಕೈಯಾರೆ ಓಡಿಸಿ ನೋಡಿದೆವು, ಸರಿ ಇತ್ತು. ಹೇಳಿದ ಹೊತ್ತಿಗೆ ತಾನೇ ಓಡಿಸುವ ಕ್ರಾನ್‌ಗೆ ಹಾಕಿ ಮನೆಗೆ ಹೋದೆವು. ಸೋಮವಾರ ಬೆಳಗ್ಗೆ ಅಕೌಂಟ್ಸ್‌ನವರ ಫೋನ್: ‘ಸರ್, ಶನಿವಾರದಿಂದ ಒಂದು ಮೇಲೂ ಇಲ್ಲ.’ ಮಾಲೀಕರಿಗೆ ಮಾತ್ರ ಎಲ್ಲ ಬರುತ್ತಿತ್ತು. ಗಂಟೆ ಹೊತ್ತು ತಲೆ ಕೆರೆದುಕೊಂಡೆವು. ಕ್ರಾನ್ ಸಾಲಿನಲ್ಲಿ ಹುಡುಗ ಸ್ಕ್ರಿಪ್ಟ್ ಹೆಸರಿಗೆ ಮೊದಲು ‘ಎಸ್‌ಎಚ್’ ಅಂತ ಸೇರಿಸಿದ್ದ. ಹಾಗೆ ಕರೆದರೆ, ಬ್ಯಾಷ್‌ನಲ್ಲಿ (ಸ್ಕ್ರಿಪ್ಟ್ ಓದಿ ಓಡಿಸುವ ಶೆಲ್) ಓಡಿಸು ಅಂತ ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲಿ ಬರೆದದ್ದು ಬರೀ ಕಾಮೆಂಟ್. ಉಬುಂಟುವಿನಲ್ಲಿ 2006ರ 6.10ರಿಂದ ಎಸ್‌ಎಚ್ ಅಂದರೆ ಡ್ಯಾಷ್ ಅನ್ನೋ ಇನ್ನೊಂದು ಶೆಲ್. ಚಿಕ್ಕದು, ಬೇಗ ಓಡುತ್ತದೆ, ಆದರೆ ಹೋಲಿಕೆಗೆ ಹುಡುಗ ಹಾಕಿದ್ದ ಎರಡು ಈಕ್ವಲ್ ಟು ಅನ್ನು ಬ್ಯಾಷ್‌ನ ಹಾಗೆ ಒಪ್ಪುವುದಿಲ್ಲ, ಒಂದೇ ಸಾಕು. ಎರರ್ ಕೊಟ್ಟು ಅಲ್ಲೇ ನಿಂತಿದ್ದರೆ ಚೆನ್ನಾಗಿತ್ತು. ನಿಲ್ಲಲ್ಲ, ಷರತ್ತು ಸುಳ್ಳು ಅಂತ ಎಲ್ಸ್ (‘ಇಲ್ಲದಿದ್ದರೆ’) ಕಡೆ ಹೋಗುತ್ತದೆ. ಅಲ್ಲಿದ್ದದ್ದು ರೂಲ್ ತೆಗೆಯುವ ಸಾಲು. ಹೀಗೆ ವಿಳಾಸ ಬದಲಿಸುವ ನ್ಯಾಟ್ ರೂಲ್ ನೋಡೋದು ಹೊಸ ಕನೆಕ್ಷನ್‌ಗೆ ಮಾತ್ರ. ಮಾಲೀಕರು ಕಂಪ್ಯೂಟರ್ ಆಫ್ ಮಾಡಿ ಹೋಗಿರಲಿಲ್ಲ, ಅವರ ಹಳೆ ಕನೆಕ್ಷನ್ ಹಾಗೇ ಬದುಕಿತ್ತು. ಉಳಿದವರು ಬೆಳಗ್ಗೆ ಹೊಸದಾಗಿ ಕನೆಕ್ಟ್ ಆದದ್ದು ಹಳೆ ಸರ್ವರ್‌ಗೇ.

ಇದು ಸಣ್ಣ ಏಟು. ಹಳೆ ಸೋಲಾರಿಸ್‌ನಲ್ಲಿ (ಇನ್ನೊಂದು ಯುನಿಕ್ಸ್) ರೂಟ್ (ಪೂರ್ತಿ ಅಧಿಕಾರದ ಬಳಕೆದಾರ) ಆಗಿ ‘ಹೋಸ್ಟ್‌ನೇಮ್ ಮೈನಸ್ ಎಫ್’ ಹೊಡೆದರೆ, ಲಿನಕ್ಸ್‌ನ ಹಾಗೆ ಮೆಷಿನ್‌ನ ಪೂರ್ತಿ ಹೆಸರು ತೋರಿಸುತ್ತಿರಲಿಲ್ಲ, ಅದಕ್ಕೆ ‘ಮೈನಸ್ ಎಫ್’ ಅಂತ ನಾಮಕರಣ ಮಾಡುತ್ತಿತ್ತು. ಲಿನಕ್ಸ್‌ನಲ್ಲಿ ಹೇಳಿದ ಪ್ರೋಗ್ರಾಂ ಮಾತ್ರ ನಿಲ್ಲಿಸುವ ಕಿಲ್‌ಆಲ್, ಅಲ್ಲಿ ಹೆಸರಿಗೆ ತಕ್ಕಂತೆ ಎಲ್ಲವನ್ನೂ ಕೊಲ್ಲುತ್ತದೆ.

ಒಂದು ಈಕ್ವಲ್ ಟು ಅಳಿಸಿದೆವು. ಆಮೇಲೆ ಒಬ್ಬೊಬ್ಬರ ಕಂಪ್ಯೂಟರ್‌ನಲ್ಲೂ ಐಪಿ ತೆಗೆದು ಹೆಸರು ಹಾಕಿದೆವು. ಮೂರು ವಾರ ಆದಮೇಲೆ ಹಳೆ ಸರ್ವರ್ ಆಫ್ ಮಾಡೋಣ ಅಂತ ಲಾಗ್ ತೆರೆದರೆ, ಪೋರ್ಟ್ 25ಕ್ಕೆ ಇನ್ನೂ ದಿನಾ ಮೇಲ್ ಬೀಳುತ್ತಿತ್ತು. ಗೋಡೌನ್‌ನ ಸ್ಕ್ಯಾನರ್. ಅದರೊಳಗೂ ಯಾರೋ ಹಳೆ ಐಪಿ ಹಾಕಿಟ್ಟಿದ್ದರು, ಅದರ ಪಾಸ್‌ವರ್ಡ್ ಕೂಡ ಆ ಕೆಲಸ ಬಿಟ್ಟವರ ಹತ್ತಿರವೇ.